ಹಳದಿ ಮಲ್ಲಿಗೆ

ಹೂ ಮಾರಿ ಬೆಳೆದವರಿಗೆ ವಸಂತದ ಮೇಲೆ ಭಕ್ತಿ ಇರುವುದಿಲ್ಲ. ಮೈಸೂರಿನ ಮಾರುಕಟ್ಟೆಯಲ್ಲಿ ಅಮ್ಮ ಮಲ್ಲಿಗೆ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು, ಪಕ್ಕದಲ್ಲಿ ನಾನು ಕಟ್ಟುತ್ತಿದ್ದೆ. ವಸಂತ ಬಂತು ಎಂದರೆ ನಮಗೆ ಕೋಗಿಲೆ ಕೂಗಿತು ಎಂದಲ್ಲ, ಹೂವಿನ ರೇಟು ಬಿತ್ತು ಎಂದು ಅರ್ಥ. ಕೊಳ್ಳುವ ಹೆಂಗಸರು "ಹುಡುಗನ ಕೈ ಗಿಡ್ಡ, ಮೊಳ ನೀನು ಹಾಕಮ್ಮ" ಎಂದು ಅಮ್ಮನ ಕಡೆ ತಿರುಗುತ್ತಿದ್ದರು. ನನ್ನ ಕೈ ಉದ್ದವಾಗುವ ಹೊತ್ತಿಗೆ ನಾನು ಹೂ ಬಿಟ್ಟು ಹಳೇ ಸಾಮಾನಿನ ವ್ಯಾಪಾರಕ್ಕೆ ಇಳಿದಿದ್ದೆ. ಹಳೇ ಕುರ್ಚಿಗೆ ಒಂದು ದೊಡ್ಡ ಗುಣವಿದೆ: ಸಂಜೆಯೊಳಗೆ ಬಾಡುವುದಿಲ್ಲ.

ಈಗ ಇರುವುದು ಅಮೆರಿಕದ ಡರ್ಹಮ್‌ನಲ್ಲಿ. ಹೆಂಡತಿ ನರ್ಸ್, ಅವಳ ವೀಸಾದ ಬಾಲ ಹಿಡಿದು ಬಂದವನು ನಾನು. ಮುಚ್ಚುವ ಹೋಟೆಲುಗಳಿಂದ ಮೇಜು, ಕುರ್ಚಿ, ಮಂಚ ಕೊಂಡು, ಕಾಲು ಬಿಗಿಮಾಡಿ, ಪಾಲಿಶ್ ಹೊಡೆದು ಮಾರುತ್ತೇನೆ. ಈ ಊರಿನ ಕನ್ನಡಿಗರಲ್ಲಿ ಡಿಗ್ರಿ ಇಲ್ಲದವನು ಬಹುಶಃ ನಾನೊಬ್ಬನೇ. ನಾನು ಮಾರಿದ ಮೇಜಿನ ಮೇಲೆಯೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುವ ಎಂಜಿನಿಯರುಗಳು ಪಾರ್ಟಿಗಳಲ್ಲಿ ನನ್ನನ್ನು "ಇವರು ಬಿಸಿನೆಸ್ ಮಾಡ್ತಾರೆ" ಎಂದು ಪರಿಚಯಿಸುತ್ತಾರೆ, ಕೆಮ್ಮು ಬಂದವರು "ಬರೀ ಅಲರ್ಜಿ" ಎಂದು ಹೇಳಿಕೊಳ್ಳುವ ದನಿಯಲ್ಲಿ.

ಕೊರೊನಾದ ಎರಡನೇ ವರ್ಷ, ಫೆಬ್ರವರಿಯಲ್ಲಿ, ಎದುರು ಮನೆಯ ಹುಡುಗಿ ಮಾಸ್ಕ್ ಹಾಕಿಕೊಂಡು ನಮ್ಮ ಡ್ರೈವ್‌ವೇ ತುದಿಯಲ್ಲಿ ಬಂದು ನಿಂತಳು. ಅವಳೂ ಮೈಸೂರಿನವಳೇ. ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್.

"ಅಂಕಲ್, ಆಂಟಿ ಹೇಳಿದ್ರು. ನಿಮಗೆ ಮೊಗ್ಗಿನ ಜಡೆ ಮಾಡಕ್ಕೆ ಬರುತ್ತಂತೆ."

"ಆಂಟಿ ಇನ್ನೇನೇನು ಹೇಳಿದಾಳೆ?"

"ಗೊರಕೆ ವಿಷಯ ಹೇಳಿಲ್ಲ ಅಂಕಲ್."

ಅವಳಿಗೆ ನಾಲ್ಕು ತಿಂಗಳಾಗಿತ್ತು. ಹಿಂದಿನ ಸಲ ನಿಂತಿರಲಿಲ್ಲ. ಆ ಆಸ್ಪತ್ರೆಯ ದಿನಗಳಲ್ಲಿ ಜೊತೆಗಿದ್ದವಳು ನನ್ನ ಹೆಂಡತಿ, ಹಾಗಾಗಿ ನನಗೂ ಗೊತ್ತಿತ್ತು. ಈ ಸಲ ಹುಡುಗಿ ತಾಯಿಗೂ ನಮಗೂ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಮಗು ಎಂಬ ಮಾತನ್ನೇ ಆಡುತ್ತಿರಲಿಲ್ಲ, ದಿನ ತುಂಬುವ ತಿಂಗಳ ಹೆಸರು ಎತ್ತುತ್ತಿರಲಿಲ್ಲ. ಯಾರಾದರೂ ಮುಂದಿನದು ಕೇಳಿದರೆ "ನೋಡೋಣ" ಎಂದು ಮಾತು ತಿರುಗಿಸುತ್ತಿದ್ದಳು. ಸೀಮಂತವೂ ಬೇಡ ಎಂದವಳೇ. ಆದರೆ ಊರಿನಲ್ಲಿ ಅವಳ ತಾಯಿ ಪಟ್ಟು ಹಿಡಿದು ಕೂತಿದ್ದರು. ವೀಸಾ ಆಫೀಸು ಮುಚ್ಚಿತ್ತು, ತಾಯಿ ಬರುವಂತಿರಲಿಲ್ಲ. "ನಾನು ಬರಲಿ ಬಿಡಲಿ, ಜಡೆ ಹಾಕಿಯೇ ಸೀಮಂತ ಆಗಬೇಕು. ನಮ್ಮ ಮನೇಲಿ ಯಾರೂ ಹೆದರ್ಕೊಂಡು ಹೆತ್ತಿಲ್ಲ" ಎಂದು ಫೋನಿನಲ್ಲಿ ದಿನವೂ ಹೇಳುತ್ತಿದ್ದರಂತೆ. ಹುಡುಗಿ ಕೊನೆಗೆ ಒಪ್ಪಿದ್ದಳು. ಜಡೆಯಾದರೆ ಸೀಮಂತ, ಇಲ್ಲದಿದ್ದರೆ ಇಲ್ಲ.

"ಮೊಗ್ಗು ಎಲ್ಲಿಂದ ತರೋದು ಅಂತಾನೇ ಯೋಚನೆ ಅಂಕಲ್."

"ಮಲ್ಲಿಗೆ ನನ್ನ ಹತ್ರಾನೇ ಇದೆ, ಹೋಗು" ಎಂದೆ.

ಇದ್ದದ್ದು ನಿಜ. ಹಿಂದಿನ ಶರತ್ಕಾಲದಲ್ಲಿ ಒಂದು ನರ್ಸರಿ ಬಾಗಿಲು ಹಾಕುತ್ತಿತ್ತು. ಕುರ್ಚಿ ನೋಡಲು ಹೋದವನಿಗೆ ಮೂಲೆಯಲ್ಲಿ ಬಳ್ಳಿಯ ಕುಂಡಗಳು ಕಂಡವು. ಚೀಟಿಯ ಮೇಲೆ ಕ್ಯಾರೊಲೈನಾ ಜೆಸ್ಸಮೈನ್ ಎಂದಿತ್ತು. ಅಷ್ಟನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತೇನೆ, ಅರ್ಧಕ್ಕೆ ಕೊಡು ಎಂದೆ. ಅವನು ತಕ್ಷಣ ಒಪ್ಪಿದ. ಇಲ್ಲೊಂದು ಸಲಹೆ, ಬರೆದಿಟ್ಟುಕೊಳ್ಳಿ: ಅರ್ಧ ಬೆಲೆಗೆ ತಕ್ಷಣ ಒಪ್ಪಿದವನ ಹತ್ತಿರ ಏನನ್ನೂ ಕೊಳ್ಳಬೇಡಿ. ನಾನು ಈ ಸಲಹೆಯನ್ನು ಎಲ್ಲರಿಗೂ ಕೊಡುತ್ತೇನೆ. ಅವತ್ತು ಅಂಗಡಿಯಲ್ಲಿ ನನಗೆ ಕೊಡುವವರು ಯಾರೂ ಇರಲಿಲ್ಲ.

ಮಾರ್ಚ್ ಬಂತು, ಬಿಸಿಲು ಬರಲಿಲ್ಲ. ಪ್ರತಿ ವರ್ಷ ಇಲ್ಲಿ ವಸಂತ ಎಂದರೆ ಒಂದು ವಾರದ ಗಲಾಟೆ. ಎಲ್ಲ ಒಟ್ಟಿಗೆ ಅರಳಿ, ಪೈನ್ ಮರದ ಹಳದಿ ಪುಡಿ ಕಾರಿನ ಮೇಲೆಲ್ಲ ಅರಿಶಿನ ಎರಚಿದ ಹಾಗೆ ಕೂತು, ಊರಿಗೆ ಊರೇ ಸೀನಿ, ಅಷ್ಟರಲ್ಲಿ ಸೆಕೆ ಶುರು. ಆ ವರ್ಷ ಹಾಗಾಗಲಿಲ್ಲ. ಒಂದು ದಿನ ಸ್ವಲ್ಪ ಬೆಚ್ಚಗಾಗುವುದು, ಮರುದಿನ ಮತ್ತೆ ಹುಲ್ಲಿನ ಮೇಲೆ ಮಂಜುಗಡ್ಡೆ. ಮರಗಳು ಮೊಗ್ಗು ಬಿಟ್ಟು, ಬಿಟ್ಟದ್ದಕ್ಕೆ ಪಶ್ಚಾತ್ತಾಪಪಟ್ಟು, ಹಾಗೇ ನಿಂತುಬಿಟ್ಟವು. ಫೇಸ್‌ಬುಕ್ಕಿನಲ್ಲಿ ಕೆಲವರು ಇದನ್ನೇ ಧ್ಯಾನಸ್ಥ ವಸಂತ ಎಂದೆಲ್ಲ ಬರೆದರು. ಅವರಿಗೆ ಹೂ ಬೇಕಿರಲಿಲ್ಲ, ಲೈಕು ಸಾಕಿತ್ತು. ನಾನು ಕುಂಡಗಳನ್ನು ಗ್ಯಾರೇಜಿಗೆ ಎಳೆದು, ದೀಪ ಹಾಕಿ, ಹೀಟರ್ ಹಚ್ಚಿದೆ.

"ಗಿಡಕ್ಕೆ ಹೀಟರ್, ಹೆಂಡತಿಗೆ ಸ್ವೆಟರ್" ಎಂದಳು ನನ್ನವಳು.

"ನಿನಗೆ ಮೊಗ್ಗು ಬಂದ್ರೆ ನಿನಗೂ ಹಾಕ್ತೀನಿ."

ಕೊನೆಗೆ ಬಳ್ಳಿಯಲ್ಲಿ ಮೊಗ್ಗು ಕಾಣಿಸಿತು. ಸಣ್ಣ, ಉದ್ದನೆ, ಮಾಸಲು ಬಣ್ಣದ್ದು. ಬಲಿತರೆ ಬೆಳ್ಳಗಾಗುತ್ತದೆ ಎಂದುಕೊಂಡೆ. ಎದುರು ಮನೆಯವರಿಗೆ ಹೇಳಿಯೂ ಆಯಿತು. ಪುರೋಹಿತರು ಅಟ್ಲಾಂಟಾದಿಂದ ಜೂಮಿನಲ್ಲಿ ಬರುವುದೆಂದು ಏಪ್ರಿಲ್‌ನ ಒಂದು ಭಾನುವಾರ ಗೊತ್ತಾಯಿತು. ಆ ಭಾನುವಾರಕ್ಕೆ ಒಂದು ವಾರವಿರುವಾಗ ಒಂದು ಬೆಳಿಗ್ಗೆ ಗ್ಯಾರೇಜ್ ಬಾಗಿಲು ಎತ್ತಿದರೆ ಹೂ ಅರಳಿತ್ತು. ಹಳದಿ. ತುತ್ತೂರಿಯ ಹಾಗೆ ಬಾಯಿ ಬಿಟ್ಟುಕೊಂಡು ನನ್ನ ಕಡೆಗೇ ನೋಡುತ್ತಿತ್ತು.

ನೈಟ್ ಶಿಫ್ಟ್ ಮುಗಿಸಿ ಬಂದ ಹೆಂಡತಿ ಬ್ಯಾಗೂ ಇಳಿಸದೆ ಬಂದು ನೋಡಿದಳು.

"ಇದು ಮಲ್ಲಿಗೆ ಅಲ್ಲ ರೀ."

"ಚೀಟಿ ನೋಡು. ಜೆಸ್ಸಮೈನ್ ಅಂತಿದೆ."

"ಜಾಸ್ಮಿನ್ ಅಂತ ಇಲ್ಲ."

"ಸ್ಪೆಲ್ಲಿಂಗ್ ತಪ್ಪು ಅಂದ್ಕೊಂಡೆ ಕಣೇ. ಕಲರ್‌ನಲ್ಲಿ ಯು ನುಂಗಿದ ಜನ ಇವರು. ಜಾಸ್ಮಿನ್‌ನಲ್ಲಿ ಒಂದಕ್ಷರ ಆಚೀಚೆ ಆದ್ರೆ ಆಶ್ಚರ್ಯ ಏನು?"

"ಹೂವಿನೋರ ಮಗ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ತೀರ."

"ನಾವು ಹೂ ಮಾರಿದೋರು, ಬೆಳೆದೋರಲ್ಲ. ಬುಟ್ಟೀಲಿ ಬಂದಿದ್ದು ನನಗೆ ಗೊತ್ತು. ಬಳ್ಳಿ ಯಾರು ನೋಡಿದ್ರು?"

ಅವಳು ಫೋನು ತೆಗೆದು ಓದತೊಡಗಿದಳು. ಓದುತ್ತ ಓದುತ್ತ ಅವಳ ಮುಖದ ನಗು ಹೋಯಿತು. ಬೇರು, ಎಲೆ, ಹೂವು, ಹೂವಿನ ರಸ, ಎಲ್ಲವೂ ವಿಷ. "ಈ ಜಡೇನ ನೀವು ಆ ಹುಡುಗಿಗೆ ಕಟ್ತಿದ್ರಿ" ಎಂದಳು, ಅಷ್ಟೇ. ನಾನು ಹೀಟರ್ ಆರಿಸಿದೆ. ಎದುರು ಮನೆಯ ಹುಡುಗಿ ಹಿಂದಿನ ಸಲ ಆಸ್ಪತ್ರೆಯಿಂದ ಬಂದು ಕಾರಿನಿಂದ ಇಳಿಯದೆ ಎಷ್ಟೋ ಹೊತ್ತು ಕೂತಿದ್ದನ್ನು ನಾನು ಇದೇ ಗ್ಯಾರೇಜಿನ ಬಾಗಿಲಲ್ಲಿ ನಿಂತು ನೋಡಿದ್ದೆ.

ಇಂಡಿಯನ್ ಅಂಗಡಿಗೆ ಹೋದೆ. ವಿಮಾನದಲ್ಲಿ ಬರುತ್ತಿದ್ದ ಹೂವು ಕೊರೊನಾ ಶುರುವಾದ ಮೇಲೆ ನಿಂತಿತ್ತು. ಮಲ್ಲಿಗೆ ಸಿಗುವುದೇ ಇಲ್ಲವೇ ಎಂದರೆ ಅಂಗಡಿಯವನು "ಅಗರಬತ್ತಿ ಇದೆ ಅಂಕಲ್, ಮಲ್ಲಿಗೆ ಸೆಂಟು" ಎಂದ. ಮನೆಗೆ ಬಂದು ಮುಂಬಾಗಿಲ ಮೆಟ್ಟಿಲ ಮೇಲೆ ನಿಂತು ಚಳಿಗೆ, ಮೋಡಕ್ಕೆ, ಆ ನರ್ಸರಿಯವನಿಗೆ ಬೈಯತೊಡಗಿದೆ. ಹೊರಗೆ ಒಂದೇ ಒಂದು ಹೂ ಅರಳಲಿಲ್ಲವಲ್ಲ ಈ ದರಿದ್ರ ವಸಂತದಲ್ಲಿ ಎಂದೆ.

ಹೆಂಡತಿ ಒಳಗಿಂದ ಕಾಫಿ ತಂದಳು. "ನಿಮಗೆ ಬೇಕಿರೋದು ಹೂವಾ, ಮೊಗ್ಗಾ?"

"ಏನು?"

"ಮೊಗ್ಗಿನ ಜಡೆ ತಾನೆ ರೀ? ಅರಳಿಲ್ಲ ಅರಳಿಲ್ಲ ಅಂತ ಬೀದಿಗೆಲ್ಲ ಕೇಳೋ ಹಾಗೆ ಬೈತಿದೀರಿ. ಅರಳಿದ್ರೆ ಏನು ಮಾಡ್ತಿದ್ರಿ?"

ಕಾಫಿ ಹಿಡಿದು ನಾನು ಬೀದಿಯನ್ನು ನೋಡಿದೆ. ಪಕ್ಕದ ಮನೆಯ ರೆಡ್‌ಬಡ್ ಮರ ಕಂಡಿತು. ಎಲೆ ಒಂದೂ ಇಲ್ಲ. ಕೊಂಬೆಗೆ, ಕಾಂಡಕ್ಕೆ, ಬೂದು ತೊಗಟೆಯ ಮೇಲೆಯೇ ಗೊಂಚಲು ಗೊಂಚಲು ಗುಲಾಬಿ ಮೊಗ್ಗು, ತೊಗರಿಕಾಳಿನ ಗಾತ್ರದ್ದು. ವಾರಗಳಿಂದ ಅದು ಹಾಗೇ ಇತ್ತು. ದಿನವೂ ಅದರ ಪಕ್ಕದಲ್ಲೇ ಟ್ರಕ್ಕು ನಿಲ್ಲಿಸುತ್ತಿದ್ದೆ. ಮಲ್ಲಿಗೆ ತಲೆಯಲ್ಲಿ ತುಂಬಿಕೊಂಡವನಿಗೆ ಬೇರೆ ಮೊಗ್ಗು ಮೊಗ್ಗಾಗಿ ಕಾಣುವುದಿಲ್ಲ.

ಮರದ ಒಡತಿ ಸ್ಕೂಲ್ ಬಸ್ ಓಡಿಸಿ ನಿವೃತ್ತಳಾದ ಮುದುಕಿ. ಒಬ್ಬಳೇ ಇದ್ದಾಳೆ. ಮಾಸ್ಕ್ ಹಾಕಿ ಬಾಗಿಲು ತಟ್ಟಿದೆ. ಮೊಗ್ಗಿಗೆ ಎಷ್ಟು ಎಂದು ಇಂಗ್ಲಿಷಿನಲ್ಲಿ ಕೇಳಿದರೆ ನಗುವಂತಾಗುತ್ತದೆ, ಆದರೂ ಕೇಳಿದೆ.

"ಮೊಗ್ಗು ಮಾರಾಟಕ್ಕಿಲ್ಲ, ಹನಿ" ಎಂದಳು. "ಯಾಕೆ ಬೇಕು?"

ಹೇಳಿದೆ. ಅವಳು ಎದುರು ಮನೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ತನ್ನ ಮಾಡಿನ ನೀರುದೋಣಿಯ ಕಡೆ ನೋಡಿದಳು. ಅಲ್ಲಿ ಎರಡು ವರ್ಷದ ಎಲೆ ಕೊಳೆತು ಗಿಡ ಹುಟ್ಟಿತ್ತು.

"ಅದನ್ನ ಕ್ಲೀನ್ ಮಾಡಿಕೊಡು. ಹಿತ್ತಲಿಗೆ ಮಣ್ಣು ಹೊರು. ವರಾಂಡಕ್ಕೆ ತೂಗುಕುರ್ಚಿ ಒಂದು ತಾ, ಕಿರುಗುಟ್ಟಬಾರದು."

"ಒಂದಿಷ್ಟು ಮೊಗ್ಗಿಗೆ ಇಷ್ಟೊಂದಾ?"

"ನಿನಗೆ ಬೇಕಾಗಿದೆ. ನನಗೇನೂ ಬೇಕಿರಲಿಲ್ಲ, ನೀನು ಬಂದಿದ್ದಕ್ಕೆ ನೆನಪಾಯಿತು."

ಮತ್ತೊಂದು ಸಲಹೆ: ಏನೂ ಬೇಡದವರ ಹತ್ತಿರ ಚೌಕಾಸಿಗೆ ಇಳಿಯಬೇಡಿ. ಮೂರಕ್ಕೂ ಒಪ್ಪಿದೆ. ಕತ್ತರಿ ತರುವಂತಿಲ್ಲ, ಕೈಯಲ್ಲೇ ಬಿಡಿಸಬೇಕು ಎಂದು ಅದಕ್ಕೂ ಒಂದು ಷರತ್ತು. ಈ ಚಳಿ ಎಷ್ಟು ದಿನ ಇರುತ್ತದೆ ಎಂದು ಕೇಳಿದೆ. ಇದಕ್ಕೆ ಇಲ್ಲಿ ರೆಡ್‌ಬಡ್ ವಿಂಟರ್ ಅಂತಾರೆ, ಈ ಮರ ಮೊಗ್ಗು ಬಿಟ್ಟಾಗ ಹಿಂದೆ ತಿರುಗಿ ಬರುವ ಚಳಿ, ಅದರ ಪಾಡಿಗೆ ಬರುತ್ತೆ, ಅದರ ಪಾಡಿಗೆ ಹೋಗುತ್ತೆ ಎಂದಳು.

ಇನ್ನು ಹುಡುಗಿಯ ತಾಯಿ ಒಪ್ಪಬೇಕಿತ್ತು. ಹುಡುಗಿಗೆ ಮಲ್ಲಿಗೆಯ ಕಥೆ ಹೇಳಿದಾಗ ಅವಳು ಸುಮ್ಮನೆ "ಹಾಗಾದ್ರೆ ಬೇಡ ಬಿಡಿ ಅಂಕಲ್" ಎಂದಳು. ಆ ಬೇಡ ಬಿಡಿ ಎನ್ನುವುದಕ್ಕೆ ಅವಳು ಎರಡು ತಿಂಗಳಿಂದ ಕಾರಣ ಹುಡುಕುತ್ತಿದ್ದ ಹಾಗೆ ನನಗೆ ಕೇಳಿಸಿತು. ಅಮ್ಮನಿಗೆ ವೀಡಿಯೊ ಕಾಲ್ ಹಚ್ಚು ಎಂದೆ. ಒಂದು ಬೊಗಸೆ ಮೊಗ್ಗನ್ನು ಫೋನಿನ ಮುಂದೆ ಹಿಡಿದೆ.

"ಇದ್ಯಾವ ಹೂವಣ್ಣ?"

"ರೆಡ್‌ಬಡ್. ಕೆಂಪು ಮೊಗ್ಗು ಅಂತ ಇಟ್ಕೊಳ್ಳಿ ಅಕ್ಕ."

"ಗುಲಾಬಿ ಬಣ್ಣ ಕಾಣುತ್ತಲ್ಲ."

"ಈ ದೇಶದೋರಿಗೆ ಹೆಸರಿಡಕ್ಕೆ ಬರಲ್ಲ. ಆ ವಿಷಯ ಈಗ ಬೇಡ."

"ದೇವರಿಗೆ ಏರಿಸ್ತಾರಾ ಇದನ್ನ?"

"ದೇವರೂ ಇಲ್ಲಿಗೆ ಹೊಸಬ. ಇನ್ನೂ ವಿಚಾರಿಸಿಲ್ಲ."

"ತಮಾಷೆ ಇರ್ಲಿ. ವಿಷ ಗಿಷ ಇಲ್ಲ ತಾನೆ?"

ಹೆಂಡತಿ ಈ ಸಲ ಮೊದಲೇ ಓದಿ ಖಾತ್ರಿ ಮಾಡಿಕೊಂಡಿದ್ದಳು. ನಾನು ನಾಲ್ಕು ಮೊಗ್ಗು ಬಾಯಿಗೆ ಹಾಕಿಕೊಂಡು ಅಗಿದೆ. "ಎಳೆ ಅವರೆಕಾಳಿನ ರುಚಿ ಇದೆ. ಸ್ವಲ್ಪ ಹುಳಿ."

"ಹಾಗಾದ್ರೆ ಹುಳಿಗೆ ಹಾಕಿ. ಜಡೆಗೆ ಯಾಕೆ?" ಎಂದರು. ಆದರೆ ನಕ್ಕರು. ನಕ್ಕ ಗಿರಾಕಿ ಅರ್ಧ ಒಪ್ಪಿದ ಗಿರಾಕಿ. "ಬಿಳಿ ಇಲ್ಲದೆ ಮೊಗ್ಗಿನ ಜಡೆ ಅಂತ ನಾನು ಕರೆಯಲ್ಲ ಅಣ್ಣ. ನಡುವೆ ಬಿಳಿ ಸಾಲು ಬೇಕು. ಮರುಗ ಬೇಕು. ಜಡೆಬಿಲ್ಲೆ, ಕೆಳಗೆ ಕುಚ್ಚು."

"ಬಿಳಿ ತರ್ತೀನಿ. ಕುಚ್ಚು ತರ್ತೀನಿ. ಮರುಗ ಸೂಪರ್‌ಮಾರ್ಕೆಟ್ಟಲ್ಲಿದೆ, ಪಿಜ್ಜಾಕ್ಕೆ ಹಾಕ್ತಾರೆ. ಜಡೆಬಿಲ್ಲೆ ನೀವು ಬಿಟ್ಟುಕೊಡಿ."

"ಬಿಟ್ಟೆ. ಆದ್ರೆ ಒಂದು ಮೊಗ್ಗೂ ಅರಳಿರಬಾರದು. ಅರಳಿದ ಮೇಲೆ ಅದು ಜಡೆ ಅಲ್ಲ, ಬರೀ ಹೂವು."

ಬಿಳಿಯೂ ಮುದುಕಿಯ ಹಿತ್ತಲಲ್ಲೇ ಇತ್ತು. ಅವಳು ಪರ್ಲ್ ಬುಷ್ ಎನ್ನುವ ಪೊದೆ, ಗುಂಡಗೆ ಮುತ್ತಿನ ಸರದಂಥ ಮೊಗ್ಗು. ಅದನ್ನೂ ಮೊದಲು ಹೆಂಡತಿಗೆ ತೋರಿಸಿದೆ, ವಿಷವಲ್ಲ ಎಂದಳು. ಅದಕ್ಕೆ ಮುದುಕಿ ಹೆಚ್ಚಿಗೆ ಏನೂ ಕೇಳಲಿಲ್ಲ, ಮಣ್ಣು ಮಾತ್ರ ಎರಡು ಲೋಡ್ ಆಯಿತು.

ಬೆಳಿಗ್ಗೆ ಬೆಳಿಗ್ಗೆ ಹಾಲಿನ ಕ್ರೇಟು ಬೋರಲು ಹಾಕಿ ಮರದ ಕೆಳಗೆ ಕೂತೆ. ಮೊದಲ ದಿನ ನನ್ನ ಕೈ ಮೈಸೂರಿನ ವೇಗದಲ್ಲಿ ಓಡಿತು, ಗೊಂಚಲು ಹರಿದು ಹಾಳಾಯಿತು. ಇದಕ್ಕೆ ಒಂದೊಂದೇ ತೊಟ್ಟು ಉಗುರಿನಿಂದ ಬಿಡಿಸಬೇಕು, ಬೇರೆ ದಾರಿ ಇಲ್ಲ. ನಮ್ಮ ಮಾರುಕಟ್ಟೆಯಲ್ಲಿ ಮೊಗ್ಗು ಎಂದರೆ ಓಟ. ಮಧ್ಯಾಹ್ನದ ಬಿಸಿಲಿಗೆ ಅದು ಉಸಿರು ಬಿಡುತ್ತದೆ, ಸಂಜೆ ಬಾಯಿ ತೆರೆಯುತ್ತದೆ, ಮರುದಿನ ಕಸ. ನಮ್ಮ ಮನೆಯಲ್ಲಿ ಅರಳುವುದೆಂದರೆ ನಷ್ಟ. ಊರೆಲ್ಲ ಹೂ ಅರಳಿತು ಎಂದು ಹಾಡುವಾಗ ಅಮ್ಮ ಒದ್ದೆ ಗೋಣಿ ಹೊದಿಸಿ ಅದನ್ನು ತಡೆಯುತ್ತಿದ್ದಳು. ಇಲ್ಲಿ ತಡೆಯುವ ಕೆಲಸವನ್ನು ಚಳಿಯೇ ಮಾಡುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿಟ್ಟ ಮೊಗ್ಗು ಮರುದಿನವೂ ಹಾಗೇ ಇತ್ತು, ಅದರ ಮರುದಿನವೂ. ಯಾವ ಮೊಗ್ಗಿಗೂ ಅವಸರವಿರಲಿಲ್ಲ. ಹುಟ್ಟಿದಾಗಿನಿಂದ ಮೊದಲ ಸಲ ನಾನು ಹೂವಿನ ಮುಂದೆ ಗಡಿಯಾರ ನೋಡದೆ ಕೂತಿದ್ದೆ. ತೊಗಟೆ ಒದ್ದೆಯಾಗಿ ಕಪ್ಪಗಿತ್ತು, ಅದರ ಮೇಲೆ ಆ ಗುಲಾಬಿ. ಯಾವುದೋ ಸಣ್ಣ ಹಕ್ಕಿ, ಮುಷ್ಟಿಯಷ್ಟೇ ಇರಬೇಕು, ಅದರ ಹತ್ತರಷ್ಟು ದನಿ ಮಾಡುತ್ತಿತ್ತು. ಮನಸ್ಸು ಶಾಂತವಾಯಿತು ಎಂದು ಮನೆಯಲ್ಲಿ ಹೇಳಿದರೆ ಹೆಂಡತಿ ಥರ್ಮಾಮೀಟರ್ ತರುತ್ತಾಳೆ ಎಂದು ಹೇಳಲಿಲ್ಲ. ಆದರೆ ಆಗಿತ್ತು.

ಮೂರನೇ ದಿನ ಹುಡುಗಿ ಕಂಬಳಿ ಹೊದ್ದು ಬಂದಳು, ಇನ್ನೊಂದು ಕ್ರೇಟಿನ ಮೇಲೆ ದೂರ ಕೂತು ತಾನೂ ಬಿಡಿಸತೊಡಗಿದಳು.

"ಅಂಕಲ್, ಇವು ಅರಳಲೇಬೇಕಾ?"

"ಬಿಸಿಲು ಬಂದ್ರೆ ಅರಳ್ತಾವೆ."

"ನಂಗೆ ಹೀಗೇ ಇದ್ರೆ ಸಾಕು ಅನ್ಸುತ್ತೆ. ಒಳಗೇ ಇದ್ರೆ ಸೇಫ್ ಅಲ್ವಾ. ಆಚೆ ಬಂದ್ರೇನೇ ಪ್ರಾಬ್ಲಮ್."

ಜಗತ್ತಿನ ಎಲ್ಲದಕ್ಕೂ ನನ್ನ ಹತ್ತಿರ ಸಲಹೆ ಇರುತ್ತದೆ. ಕಾರ್ ಲೀಸ್ ತಗೋಬೇಡಿ, ಸೋಫಾ ಜನವರಿಯಲ್ಲಿ ಕೊಳ್ಳಿ, ಮಾತಿನಲ್ಲಿ ಮೊದಲ ಬೆಲೆ ಎದುರಿನವನೇ ಹೇಳಲಿ. ಇದಕ್ಕೆ ಇರಲಿಲ್ಲ. "ಆ ಕಡೆ ಕೊಂಬೇದು ಚೆನ್ನಾಗಿದೆ, ಅದನ್ನ ಬಿಡಿಸು" ಎಂದೆ. ಅವಳು ಕೈ ಚಾಚಿ ಬಿಡಿಸಿದಳು. ಮರುದಿನವೂ ಬಂದಳು.

ಭಾನುವಾರ ಮೋಡ ಮುಚ್ಚಿ ತಣ್ಣಗಿತ್ತು. ಅವರ ಹಿತ್ತಲ ಡೆಕ್ಕಿನ ಮೇಲೆ, ನಾವು ನಾಲ್ಕೇ ಜನ, ಸ್ವಲ್ಪ ದೂರದಲ್ಲಿ, ನಾನು ರಸ್ತೆ ದಾಟಿಸಿ ತಂದಿಟ್ಟ ತನ್ನ ಹೊಸ ತೂಗುಕುರ್ಚಿಯಲ್ಲಿ ಮುದುಕಿ. ಪುರೋಹಿತರು ಅರ್ಧ ಮಂತ್ರ ಮ್ಯೂಟಿನಲ್ಲೇ ಹೇಳಿ ಮುಗಿಸಿದ್ದರು. ಯಾರೂ ಮತ್ತೆ ಹೇಳಿ ಎನ್ನಲಿಲ್ಲ. ಕೊರೊನಾದಲ್ಲಿ ಗಂಡನೇ ಕತ್ತರಿಸಿದ ಕೂದಲು ಅವಳದು, ಅದಕ್ಕೆ ಚೌರಿ ಸೇರಿಸಿ ನನ್ನ ಹೆಂಡತಿ ಹೆಣೆದಳು. ಬೆಳಗಿನ ಜಾವದಿಂದ ಒದ್ದೆ ಬಟ್ಟೆಯ ಪಟ್ಟಿಯ ಮೇಲೆ ಸಾಲು ಸಾಲಾಗಿ ಹೊಲಿದ ಮೊಗ್ಗನ್ನು ನಾನು ಜಡೆಗೆ ಬಿಗಿದೆ. ಅಂಚಿಗೆ ಗುಲಾಬಿ, ನಡುವೆ ಬಿಳಿ, ಮಧ್ಯೆ ಮಧ್ಯೆ ಪಿಜ್ಜಾ ಸೊಪ್ಪು. ಕೆಳಗೆ ಮುಚ್ಚಿದ ಹೋಟೆಲೊಂದರ ಪರದೆಯ ಜರಿ ಕುಚ್ಚು. ಅದರ ಮೂಲವನ್ನು ಯಾರಿಗೂ ಹೇಳಲಿಲ್ಲ.

ಅವಳ ಗಂಡ ಟ್ಯಾಬ್ಲೆಟ್ ಹಿಡಿದ. ಮೈಸೂರಿನಲ್ಲಿ ತಾಯಿ ಕನ್ನಡಕ ಹಾಕಿಕೊಂಡರು.

"ತಿರುಗು" ಎಂದರು.

ಹುಡುಗಿ ಬೆನ್ನು ತೋರಿಸಿ ನಿಂತಳು.

"ಹತ್ರ ಹಿಡೀಪ್ಪ. ಇನ್ನೂ ಹತ್ರ. ಮೇಲಿಂದ ಕೆಳಗೆ ತಗೊಂಬಾ ನಿಧಾನವಾಗಿ."

ಟ್ಯಾಬ್ಲೆಟ್ ಜಡೆಯುದ್ದಕ್ಕೂ ಇಳಿಯಿತು. ಬೆಲೆ ಒಪ್ಪುವ ಮುಂಚೆ ಸರಕು ನೋಡುವ ಹೆಂಗಸನ್ನು ನಾನು ಸಾವಿರ ಕಂಡಿದ್ದೇನೆ. ಇಷ್ಟು ಹೊತ್ತು ನೋಡಿದವರಿಲ್ಲ.

"ಒಂದೂ ಅರಳಿಲ್ಲ" ಎಂದರು ಕೊನೆಗೆ. ದನಿ ಸ್ವಲ್ಪ ಒಡೆದಿತ್ತು. ಅದನ್ನು ಮುಚ್ಚಿಕೊಳ್ಳಲು, "ಕುಚ್ಚು ಎಲ್ಲಿ ಸಿಕ್ತಣ್ಣ, ಬಹಳ ಚೆನ್ನಾಗಿದೆ" ಎಂದರು.

"ಆಂಟೀಕ್ ಅಕ್ಕ" ಎಂದೆ. ಹೆಂಡತಿ ಕೆಮ್ಮಿದಳು.

ಆರತಿಯಾಯಿತು, ಊಟವಾಯಿತು. ನನ್ನ ಅಭ್ಯಾಸದಂತೆ ನಾನು ಕುರ್ಚಿ ಮಡಚಲು ಎದ್ದೆ. ಹುಡುಗಿ ಡೆಕ್ಕಿನ ಮೆಟ್ಟಿಲ ಮೇಲೆ ಕೂತಿದ್ದಳು, ಜಡೆಯನ್ನು ಮುಂದಕ್ಕೆ ಹಾಕಿಕೊಂಡು. ಮೊಗ್ಗು ಬೆಳಿಗ್ಗೆ ಹೊಲಿದ ಹಾಗೇ ಇದ್ದವು. ಅವಳ ಬೆರಳು ಅವುಗಳ ಮೇಲೆ ಮೆಲ್ಲಗೆ ಓಡುತ್ತಿತ್ತು, ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು.

"ಅಂಕಲ್" ಎಂದಳು. "ಜುಲೈನಲ್ಲಿ ಇಲ್ಲಿ ಯಾವ ಹೂವು ಸಿಗುತ್ತೆ?"

"ಯಾಕಮ್ಮ?"

"ನಾಮಕರಣಕ್ಕೆ."

ಅವಳ ಗಂಡ ಪಾತ್ರೆ ಹಿಡಿದುಕೊಂಡು ನಿಂತಲ್ಲೇ ನಿಂತ. ನನ್ನ ಹೆಂಡತಿ ಒಳಗೆ ನಲ್ಲಿ ನಿಲ್ಲಿಸಿದಳು. ಜುಲೈನಲ್ಲಿ ಈ ಊರಿನಲ್ಲಿ ಏನೇನು ಅರಳುತ್ತದೆ, ಎಲ್ಲಿ ಅಗ್ಗ, ಯಾರ ಹಿತ್ತಲಲ್ಲಿದೆ ಎಂದು ಹೇಳಲು ಬಾಯಿ ತೆರೆದೆ. ನೋಡಿದರೆ ನನಗೆ ಗೊತ್ತೇ ಇರಲಿಲ್ಲ.

"ನೋಡ್ಕೊಂಡು ಹೇಳ್ತೀನಿ" ಎಂದು ಮಡಚಿದ ಕುರ್ಚಿಯನ್ನು ಮತ್ತೆ ಬಿಡಿಸಿ ಕೂತೆ.